‘ಟು ರಮೇಶ್ ಆ್ಯಂಡ್ ಮಿ’ ಎಂದೇ ಏಕೆ? ಇಂಗ್ಲಿಷ್ ವಾಕ್ಯವನ್ನು ಜೋಡಿಸುವ ಬಗೆ

ಕಚೇರಿಯ ಇ-ಮೇಲ್‌ಗಳಲ್ಲಿ ಆಗಾಗ ಕಾಣುವ ಒಂದು ವಾಕ್ಯವನ್ನು ಎತ್ತಿಕೊಳ್ಳೋಣ: ‘ಪ್ಲೀಸ್ ಸೆಂಡ್ ದ ಫೈಲ್ ಟು ರಮೇಶ್ ಆ್ಯಂಡ್ ಐ.’ ಬರೆದವರಿಗೆ ಇಂಗ್ಲಿಷ್ ಬಾರದು ಎಂದೇನಲ್ಲ. ‘ಮಿ’ಗಿಂತ ‘ಐ’ ಹೆಚ್ಚು ಗಂಭೀರವಾದ, ಓದಿದವರ ಪದ ಎಂಬ ನಂಬಿಕೆ ಶಾಲೆಯಿಂದಲೇ ಅಂಟಿಕೊಂಡು ಬಂದಿರುತ್ತದೆ. ಈ ಪುಟ್ಟ ವಾಕ್ಯದಲ್ಲಿ ‘ಟು’ ಎಂಬ ಪ್ರಿಪೊಸಿಷನ್, ‘ಆ್ಯಂಡ್’ ಎಂಬ ಕಂಜಂಕ್ಷನ್ ಹಾಗೂ ‘ಐ’ ಎಂಬ ಸರ್ವನಾಮ ಒಂದೇ ಕಡೆ ಸೇರಿವೆ. ಇವನ್ನು ಮೂರು ಬೇರೆ ಬೇರೆ ಪಾಠಗಳಾಗಿ ಕಲಿತವರು ಅವು ಕೂಡುವ ಜಾಗದಲ್ಲಿಯೇ ಎಡವುತ್ತಾರೆ.

ಕನ್ನಡದಲ್ಲಿ ಇದನ್ನು ‘ಫೈಲನ್ನು ರಮೇಶನಿಗೂ ನನಗೂ ಕಳುಹಿಸಿ’ ಎನ್ನುತ್ತೇವೆ. ಚತುರ್ಥಿ ವಿಭಕ್ತಿಯ ‘ಗೆ’ ಪ್ರತ್ಯಯ ಎರಡು ಸಲ ಬಂದಿದೆ, ‘ಊ’ ಕೂಡ ಎರಡು ಸಲ ಬಂದಿದೆ. ಪ್ರತಿಯೊಂದು ಪದವೂ ತನ್ನ ಸಂಬಂಧದ ಗುರುತನ್ನು ತಾನೇ ಹೊತ್ತಿದೆ. ಇಂಗ್ಲಿಷಿನಲ್ಲಿಯಾದರೋ ‘ಟು’ ಒಮ್ಮೆ ಮಾತ್ರ ಮುಂದೆ ಬಂದು, ‘ಆ್ಯಂಡ್’ ಅನ್ನು ದಾಟಿ, ಅದರಾಚೆಯ ಪದವನ್ನೂ ಆಳುತ್ತದೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳಿಗೂ ವಿಭಕ್ತಿ ಪ್ರತ್ಯಯಗಳಿದ್ದವು. ಅವು ಕಾಲಕ್ರಮದಲ್ಲಿ ಬಹುಪಾಲು ಸವೆದುಹೋಗಿ ಸರ್ವನಾಮಗಳಲ್ಲಿ ಮಾತ್ರ ಸ್ಪಷ್ಟವಾಗಿ ಉಳಿದುಕೊಂಡಿವೆ. ಇಂದಿನ ‘ಹಿಮ್’ ಮೂಲತಃ ಆಗಿನ ಚತುರ್ಥಿಯ ರೂಪವೇ. ಹೀಗಾಗಿ ‘ಟು’ ಮುಂದೆ ಬಂದರೂ ‘ರಮೇಶ್’ ಬದಲಾಗುವುದಿಲ್ಲ, ಆದರೆ ‘ಐ’ ಎಂಬುದು ‘ಮಿ’ ಆಗಲೇಬೇಕು. ಹೀ-ಹಿಮ್, ಶೀ-ಹರ್, ವಿ-ಅಸ್, ದೇ-ದೆಮ್, ಹೂ-ಹೂಮ್ ಜೋಡಿಗಳಿಗೂ ಇದೇ ನಿಯಮ. ‘ಯೂ’ ಮತ್ತು ‘ಇಟ್’ ಎರಡು ಸ್ಥಾನಗಳಲ್ಲಿಯೂ ಒಂದೇ ರೂಪದಲ್ಲಿರುವುದರಿಂದ ಅವುಗಳಲ್ಲಿ ತಪ್ಪಾಗುವ ಪ್ರಶ್ನೆಯೇ ಇಲ್ಲ.

ಆದ್ದರಿಂದ ಮೊದಲು ಮಾಡಬೇಕಾದದ್ದು ಪ್ರಿಪೊಸಿಷನ್ ಎಲ್ಲಿದೆ ಎಂದು ಹುಡುಕಿ, ಜೊತೆಗಾರನ ಹೆಸರನ್ನೂ ‘ಆ್ಯಂಡ್’ ಅನ್ನೂ ಬೆರಳಿನಿಂದ ಮುಚ್ಚಿ ಓದುವುದು. ‘ಸೆಂಡ್ ದ ಫೈಲ್ ಟು ಐ’ ಎಂದು ಯಾರೂ ಬರೆಯುವುದಿಲ್ಲ. ಆದುದರಿಂದ ‘ಟು ರಮೇಶ್ ಆ್ಯಂಡ್ ಮಿ’ ಎಂಬುದೇ ಸರಿ. ‘ಬಿಟ್ವೀನ್’ ಇದ್ದಾಗ ಈ ಉಪಾಯ ನಡೆಯದು, ಏಕೆಂದರೆ ಅದಕ್ಕೆ ಕನಿಷ್ಠ ಇಬ್ಬರು ಬೇಕು. ಅಲ್ಲಿ ಇಬ್ಬರನ್ನೂ ಸೇರಿಸಿ ಒಂದೇ ಸರ್ವನಾಮ ಹಾಕಿ ನೋಡಬೇಕು: ‘ಬಿಟ್ವೀನ್ ವಿ’ ಎನ್ನಲಾಗದು, ‘ಬಿಟ್ವೀನ್ ಅಸ್’ ಎನ್ನಬೇಕು, ಹಾಗಾದರೆ ಬಿಡಿಸಿ ಹೇಳುವಾಗಲೂ ‘ಬಿಟ್ವೀನ್ ಯೂ ಆ್ಯಂಡ್ ಮಿ’ ಎಂದೇ ಆಗಬೇಕು. ‘ಐ’ ಸರಿಯೋ ‘ಮಿ’ ಸರಿಯೋ ಎಂಬ ಗೊಂದಲದಿಂದ ತಪ್ಪಿಸಿಕೊಳ್ಳಲು ಕೆಲವರು ‘ಟು ರಮೇಶ್ ಆ್ಯಂಡ್ ಮೈಸೆಲ್ಫ್’ ಎಂದು ಬರೆಯುತ್ತಾರೆ. ನನಗೆ ಇದು ಅಳುಕಿನ ಭಾಷೆಯಂತೆ ಕಾಣುತ್ತದೆ. ‘ಮಿ’ ಎನ್ನುವುದರಲ್ಲಿ ಅವಿನಯವೇನೂ ಇಲ್ಲ. ಇನ್ನು ಪ್ರಿಪೊಸಿಷನ್ ಇಲ್ಲದೆ ಸರ್ವನಾಮವೇ ಕರ್ತೃವಾಗಿರುವಾಗ, ಶಿಷ್ಟ ಬರವಣಿಗೆಯಲ್ಲಿ ‘ರಮೇಶ್ ಆ್ಯಂಡ್ ಐ ವೆಂಟ್ ಟು ದ ಬ್ಯಾಂಕ್’ ಎಂದೇ ಬರೆಯಬೇಕು. ಇತರರ ಹೆಸರನ್ನು ಮೊದಲು ಹೇಳುವುದು ಸೌಜನ್ಯದ ಕ್ರಮವೇ ಹೊರತು ವ್ಯಾಕರಣದ ಕಟ್ಟಳೆಯಲ್ಲ.

ಎರಡನೆಯದಾಗಿ, ಜೋಡಿಸುತ್ತಿರುವ ಪದ ಕಂಜಂಕ್ಷನ್ ಹೌದೋ ಅಲ್ಲವೋ ಎಂದು ನೋಡಬೇಕು. ‘ಹರೀಶ್ ಆ್ಯಂಡ್ ಹಿಸ್ ಬ್ರದರ್ಸ್’ ಎಂದರೆ ಕ್ರಿಯಾಪದ ‘ಆರ್’ ಆಗುತ್ತದೆ. ‘ಹರೀಶ್, ಅಲಾಂಗ್ ವಿತ್ ಹಿಸ್ ಬ್ರದರ್ಸ್’ ಎಂದರೆ ಅದು ‘ಈಸ್’ ಆಗಿಯೇ ಉಳಿಯುತ್ತದೆ. ಹೆಸರಿಸಿದ ಜನರ ಸಂಖ್ಯೆ ಎರಡರಲ್ಲಿಯೂ ಒಂದೇ ಆದರೂ, ‘ವಿತ್’ ಪ್ರಿಪೊಸಿಷನ್ ಆಗಿರುವುದರಿಂದ ಅದರ ನಂತರ ಬಂದವರು ಕರ್ತೃವಿನ ಲೆಕ್ಕಕ್ಕೆ ಸೇರುವುದಿಲ್ಲ.

ಮೂರನೆಯ ಹಂತದಲ್ಲಿ, ಅಂದರೆ ಜೋಡಿಸುವ ಪದದ ನಂತರ ಬರುವುದು ನಾಮಪದವೋ ಉಪವಾಕ್ಯವೋ ಎಂದು ನೋಡುವಾಗ, ಹೆಚ್ಚು ಎಚ್ಚರ ಬೇಕು. ರಜೆ ಅರ್ಜಿಯೊಂದರಲ್ಲಿ ‘ಬಿಕಾಸ್ ಆಫ್ ಐ ಹ್ಯಾವ್ ಫೀವರ್’ ಎಂದಿದೆ ಎಂದುಕೊಳ್ಳೋಣ. ಈ ತಪ್ಪಿನ ಬೇರು ಕನ್ನಡದಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ‘ಜ್ವರದಿಂದ ಬರಲಾಗಲಿಲ್ಲ’, ‘ಜ್ವರ ಬಂದಿದ್ದರಿಂದ ಬರಲಾಗಲಿಲ್ಲ’ ಎಂಬ ಎರಡು ವಾಕ್ಯಗಳಲ್ಲಿ ಕಾರಣವನ್ನು ಸೂಚಿಸುವುದು ಒಂದೇ ‘ಇಂದ’. ಅದು ನಾಮಪದಕ್ಕೂ ಹತ್ತುತ್ತದೆ, ಕ್ರಿಯೆಯಿಂದಾದ ಕೃದಂತಕ್ಕೂ ಹತ್ತುತ್ತದೆ. ಇಂಗ್ಲಿಷ್ ಈ ಕೆಲಸವನ್ನು ಇಬ್ಭಾಗ ಮಾಡಿಕೊಂಡಿದೆ. ಮುಂದೆ ಬರುವುದು ನಾಮಪದ ಮಾತ್ರವಾದರೆ ‘ಬಿಕಾಸ್ ಆಫ್ ಫೀವರ್’. ಕರ್ತೃ, ಕ್ರಿಯಾಪದ ಎರಡೂ ಇರುವ ಉಪವಾಕ್ಯವಾದರೆ ‘ಬಿಕಾಸ್ ಐ ಹ್ಯಾವ್ ಫೀವರ್’. ‘ಡಿಸ್ಪೈಟ್ ದ ರೇನ್’ ಮತ್ತು ‘ಆಲ್ದೋ ಇಟ್ ರೇನ್ಡ್’ ನಡುವಿನ ಅಂತರವೂ ಇದೇ ಬಗೆಯದು. ‘ಡಿಸ್ಪೈಟ್’ ಮುಂದೆ ‘ಆಫ್’ ಬರುವುದಿಲ್ಲ ಎಂಬುದನ್ನೂ ಇಲ್ಲಿಯೇ ನೆನಪಿಟ್ಟುಕೊಳ್ಳಬಹುದು. ‘ಮಳೆ ಬಂತು, ಆದರೂ ಹೋದೆವು’ ಎಂಬ ಮಾತನ್ನು ಇಂಗ್ಲಿಷಿಗೆ ತರುವಾಗ ವಾಕ್ಯದ ಆರಂಭದಲ್ಲಿ ‘ಆಲ್ದೋ’, ನಡುವೆ ‘ಬಟ್’ ಎರಡನ್ನೂ ಹಾಕುವ ರೂಢಿಯುಂಟು. ಒಂದು ಇದ್ದರೆ ಇನ್ನೊಂದು ಬೇಡ.

‘ಆಫ್ಟರ್’, ‘ಬಿಫೋರ್’, ‘ಸಿನ್ಸ್’, ‘ಅಂಟಿಲ್’ ಇವು ಮಾತ್ರ ನಮ್ಮ ‘ನಂತರ’ದ ಹಾಗೆ ಎರಡೂ ಪಾತ್ರಗಳನ್ನು ವಹಿಸುತ್ತವೆ: ನಾಮಪದದ ಮುಂಚೆ ಪ್ರಿಪೊಸಿಷನ್, ಉಪವಾಕ್ಯದ ಮುಂಚೆ ಕಂಜಂಕ್ಷನ್. ‘ಊಟದ ನಂತರ’, ‘ಊಟ ಮಾಡಿದ ನಂತರ’ ಎರಡನ್ನೂ ‘ಆಫ್ಟರ್’ ಒಂದರಿಂದಲೇ ಹೇಳಬಹುದು. ಸರ್ವನಾಮದ ರೂಪ ಮಾತ್ರ ಪಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ: ‘ಶೀ ಕೇಮ್ ಆಫ್ಟರ್ ಮಿ’, ಆದರೆ ‘ಶೀ ಕೇಮ್ ಆಫ್ಟರ್ ಐ ಲೆಫ್ಟ್’. ಸರ್ವನಾಮಕ್ಕೆ ತನ್ನದೇ ಕ್ರಿಯಾಪದವಿದ್ದರೆ ಅದು ಕರ್ತೃ. ಇಲ್ಲದಿದ್ದರೆ ಅದು ಪ್ರಿಪೊಸಿಷನ್ನಿನ ಅಧೀನ. ‘ದ್ಯಾನ್’ ಬಂದಾಗ ಈ ವಿವೇಚನೆ ಅರ್ಥವನ್ನೇ ತಿರುಗಿಸಬಲ್ಲದು. ‘ಶೀ ಲೈಕ್ಸ್ ಹಿಮ್ ಮೋರ್ ದ್ಯಾನ್ ಮಿ’ ಎಂಬುದಕ್ಕೆ ಅವಳಿಗೆ ನನಗಿಂತ ಅವನೇ ಹೆಚ್ಚು ಇಷ್ಟ ಎಂಬ ಅರ್ಥವೂ, ಅವನನ್ನು ನಾನು ಮೆಚ್ಚುವುದಕ್ಕಿಂತ ಅವಳು ಹೆಚ್ಚು ಮೆಚ್ಚುತ್ತಾಳೆ ಎಂಬ ಅರ್ಥವೂ ಬರಬಹುದು. ಎರಡನೆಯದೇ ಉದ್ದೇಶವಾಗಿದ್ದರೆ ‘ದ್ಯಾನ್ ಐ ಡೂ’ ಎಂದು ಕ್ರಿಯಾಪದವನ್ನು ಸೇರಿಸುವುದು ಕ್ಷೇಮ.

ಕೊನೆಯ ಹಂತ, ಉಪವಾಕ್ಯವನ್ನು ಸರ್ವನಾಮವೇ ಜೋಡಿಸುವ ಸಂದರ್ಭ. ‘ನಾನು ಪುಸ್ತಕ ಕೊಟ್ಟ ಹುಡುಗ’ ಎನ್ನುವಾಗ ಕನ್ನಡಕ್ಕೆ ಸರ್ವನಾಮವೂ ಬೇಡ, ‘ಗೆ’ ಪ್ರತ್ಯಯವೂ ಬೇಡ. ಇಂಗ್ಲಿಷಿನಲ್ಲಿ ಆ ‘ಟು’ ಎಲ್ಲಿಯಾದರೂ ಇರಲೇಬೇಕು: ‘ದ ಬಾಯ್ ಟು ಹೂಮ್ ಐ ಗೇವ್ ದ ಬುಕ್’ ಎನ್ನುವುದು ಶಿಷ್ಟ ರೂಪ, ‘ದ ಬಾಯ್ ಐ ಗೇವ್ ದ ಬುಕ್ ಟು’ ಎನ್ನುವುದು ಆಡುಮಾತಿನ ರೂಪ, ಎರಡೂ ಸರಿ. ಆದರೆ ‘ದ ಹೌಸ್ ಇನ್ ದ್ಯಾಟ್ ಐ ಲಿವ್’ ಎನ್ನಬಾರದು, ಇಂಥಲ್ಲಿ ಪ್ರಿಪೊಸಿಷನ್ನಿನ ಬೆನ್ನಿಗೆ ‘ವಿಚ್’ ಬರಬೇಕು.

ಇಷ್ಟೆಲ್ಲ ರೂಢಿಯಾದವರನ್ನೂ ಮೋಸಗೊಳಿಸುವ ವಾಕ್ಯವೊಂದಿದೆ: ‘ಗಿವ್ ಇಟ್ ಟು ಹೂಎವರ್ ಕಮ್ಸ್ ಫಸ್ಟ್.’ ‘ಟು’ ಕಂಡೊಡನೆ ‘ಹೂಮೆವರ್’ ಎಂದು ತಿದ್ದಲು ಕೈ ಹೋಗುತ್ತದೆ. ಆದರೆ ಇಲ್ಲಿ ‘ಟು’ ಆಳುವುದು ಮೊದಲು ಬಂದವರು ಎಂಬ ಅರ್ಥದ ಇಡೀ ಉಪವಾಕ್ಯವನ್ನು. ಅದರೊಳಗೆ ‘ಕಮ್ಸ್’ ಎಂಬ ಕ್ರಿಯಾಪದಕ್ಕೆ ಕರ್ತೃವಾಗಿ ನಿಂತಿರುವುದರಿಂದ ‘ಹೂಎವರ್’ ಹಾಗೆಯೇ ಉಳಿಯಬೇಕು.