ರಾಡ್ ಹಿಡಿಯುವ ಮೊದಲು ಜ್ವಾಲೆ

ಕಾರವಾರದ ಬಂದರಿನ ಬಳಿಯ ವರ್ಕ್‌ಶಾಪೊಂದರಲ್ಲಿ ನಾನು ಗ್ಯಾಸ್ ವೆಲ್ಡಿಂಗ್ ಕಲಿಯಲು ಸೇರಿಕೊಂಡಾಗ ಮೇಸ್ತ್ರಿಗಳು ಬಹಳ ಕಾಲ ನನ್ನ ಕೈಗೆ ಫಿಲ್ಲರ್ ರಾಡ್ (ಕರಗಿ ಬೆಸುಗೆಯನ್ನು ತುಂಬುವ ಲೋಹದ ಕಡ್ಡಿ) ಕೊಡಲಿಲ್ಲ. ಅದು ಸರಿಯಾದ ಕ್ರಮವೇ ಆಗಿತ್ತೆಂದು ಈಗಲೂ ನಂಬಿದ್ದೇನೆ.

ಕಪ್ಪು ಬಣ್ಣದ ಆಕ್ಸಿಜನ್ ಸಿಲಿಂಡರಿಗೆ ಬಲಗಡೆಯ ಮರೆ (ತಿರುಪಿನ ಸುತ್ತು), ಉರಿಯುವ ಅನಿಲವಾದ ಅಸಿಟಿಲೀನಿನ ಕೆಂಗಂದು ಸಿಲಿಂಡರಿಗೆ ಎಡಗಡೆಯ ಮರೆ. ಅಸಿಟಿಲೀನ್ ಅಸಿಟೋನ್ ಎಂಬ ದ್ರವದಲ್ಲಿ ಕರಗಿರುವುದರಿಂದ ಆ ಸಿಲಿಂಡರನ್ನು ನೆಟ್ಟಗೇ ನಿಲ್ಲಿಸಬೇಕು. ಅದರಿಂದ ಹೊರಬಿಡುವ ಅನಿಲದ ಒತ್ತಡವನ್ನು 1 ಬಾರ್ ಮೀರಿಸಬಾರದು. ಎಂಜಿನ್ ಬಿಚ್ಚಿದ ಗ್ರೀಸಿನ ಕೈಯಲ್ಲಿ ಆಕ್ಸಿಜನ್ ರೆಗ್ಯುಲೇಟರ್ ಮುಟ್ಟುವುದಂತೂ ಬೆಂಕಿಗೆ ಆಹ್ವಾನ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಸೋರಿಕೆ ನೋಡಿಯೇ ಮುಂದುವರಿಯುತ್ತಿದ್ದೆವು.

ಮೊದಲು ಅಸಿಟಿಲೀನ್ ಹೊತ್ತಿಸಿ, ಹೊಗೆ ನಿಲ್ಲುವಂತೆ ಹರಿವನ್ನು ಹೆಚ್ಚಿಸಿ, ಬಳಿಕ ಆಕ್ಸಿಜನ್ ಬಿಡುತ್ತ ಹೋದರೆ ಒಳಗಿನ ಬಿಳಿ ಶಂಕುವಿನ ಸುತ್ತಲ ಗರಿಯಂತಹ ಭಾಗ ಮೆಲ್ಲನೆ ಕುಗ್ಗಿ ಮಾಯವಾಗುತ್ತದೆ. ಅದೇ ತಟಸ್ಥ ಜ್ವಾಲೆ, ಸುಮಾರು 3,100 ಡಿಗ್ರಿ ಸೆಲ್ಸಿಯಸ್. ಗರಿ ಉಳಿದರೆ ಉಕ್ಕು ಇಂಗಾಲ ಹೀರಿ ಪೆಡಸಾಗುತ್ತದೆ. ಆಕ್ಸಿಜನ್ ಹೆಚ್ಚಾದರೆ ಶಂಕು ಚೂಪಾಗಿ, ಜ್ವಾಲೆ ಬುಸುಗುಟ್ಟಿ, ಕಿಡಿಗಳು ಹಾರುತ್ತವೆ.

ನಂತರ 2 ಮಿ.ಮೀ. ತಗಡಿನ ಮೇಲೆ ರಾಡ್ ಇಲ್ಲದೆಯೇ ಕರಗಿದ ಲೋಹದ ಮಡುವನ್ನು ಬಲದಿಂದ ಎಡಕ್ಕೆ ಒಂದೇ ಅಗಲದಲ್ಲಿ ಸಾಗಿಸುವ ಅಭ್ಯಾಸ. ಶಂಕುವಿನ ತುದಿ ಲೋಹದಿಂದ 2–3 ಮಿ.ಮೀ. ಮೇಲಿರಬೇಕು, ಟಾರ್ಚ್ (ಜ್ವಾಲೆ ಹೊಮ್ಮುವ ಹಿಡಿಕೊಳವೆ) ತಗಡಿಗೆ 60–70 ಡಿಗ್ರಿ ಕೋನದಲ್ಲಿರಬೇಕು. ಮಡು ಅಗಲವಾದರೆ ತಗಡಿಗೆ ತೂತು ಬೀಳುವುದು ಹತ್ತಿರವಾಯಿತೆಂದೇ ಅರ್ಥ. ರಾಡ್ ಬಂದ ಮೇಲೆಯೂ ಅದನ್ನು ಜ್ವಾಲೆಯಿಂದ ಕರಗಿಸಿ ಮೇಲಿಂದ ಹನಿಸದೆ, ಮಡುವಿನ ಅಂಚಿಗೆ ಅದ್ದಿ ಮಡುವಿನ ಕಾವಿನಲ್ಲೇ ಕರಗಿಸಬೇಕು. ಹನಿಸಿದ ಬೆಸುಗೆ ನೋಡಲು ಚೆಂದವಿದ್ದರೂ ಬಗ್ಗಿಸಿದಾಗ ಕಿತ್ತು ಬರುತ್ತದೆ.

ಕರಾವಳಿಯ ಉಪ್ಪುಗಾಳಿಯಲ್ಲಿ ಗ್ರೈಂಡ್ ಮಾಡಿಟ್ಟ ಅಂಚೂ ಬೇಗ ಕಂದುತ್ತದೆ. ಆದ್ದರಿಂದ ಉಜ್ಜಿದೊಡನೆ ಬೆಸೆಯುವುದು ನನ್ನ ಪದ್ಧತಿ. ಸತುವಿನ ಲೇಪವಿರುವ ತಗಡಾದರೆ ಲೇಪ ತೆಗೆದು, ಗಾಳಿಯಾಡುವಲ್ಲಿಯೇ ಕೂರುತ್ತೇನೆ.

ಶಿರಸಿಯ ಕಡೆಯಿಂದ ಅಡಿಕೆ ಬೇಯಿಸುವ ತಾಮ್ರದ ಹಂಡೆ ದುರಸ್ತಿಗೆ ಬಂದರೆ ಕ್ರಮವೇ ಬೇರೆ: ತಾಮ್ರವನ್ನು ಕರಗಿಸದೆ, ಬಿಳಿಗಾರ ಹಾಕಿ, ಹಿತ್ತಾಳೆ ರಾಡಿನಿಂದ ಬ್ರೇಜಿಂಗ್. ತಾಮ್ರ ಕಾವನ್ನು ಬೇಗ ಹಂಚಿಬಿಡುವುದರಿಂದ ದೊಡ್ಡ ನಾಝಲ್ ಬೇಕು. ಉಳಿದ ಬಿಳಿಗಾರದ ಪದರ ಸಣ್ಣ ರಂಧ್ರಗಳನ್ನು ಮರೆಮಾಡುತ್ತದೆ. ಅದನ್ನು ಬಿಸಿನೀರಿನಲ್ಲಿ ಉಜ್ಜಿ ತೆಗೆದು, ನೀರು ತುಂಬಿ ಸೋರದಿರುವುದನ್ನು ನೋಡಿದ ಮೇಲೆಯೇ ಹಂಡೆಯನ್ನು ಒಪ್ಪಿಸುತ್ತೇನೆ.