ಪ್ರೈಮರ್ ಕೂರಿಸುವಾಗ ಜೋರು ಹಾಕಬೇಡಿ

ಟೆಕ್ಸಾಸಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ತೋಟಾ ರೀಲೋಡ್ ಮಾಡಲು, ಅಂದರೆ ಹಾರಿಸಿದ ತೋಟಾದ ಖಾಲಿ ಕೇಸಿಗೆ (ಲೋಹದ ಕವಚಕ್ಕೆ) ಮತ್ತೆ ಮದ್ದು ಗುಂಡು ತುಂಬಲು, ಶುರುಮಾಡಿ ಒಂಬತ್ತು ವರ್ಷವಾಯಿತು. ಭಾರತದಲ್ಲಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವಂತಿಲ್ಲ. ಇಲ್ಲಿ ಸ್ವಂತ ಬಳಕೆಗೆ ಅಡ್ಡಿಯಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸುವುದನ್ನು ನೋಡುತ್ತ ಬೆಳೆದವನು ನಾನು. ಕೋವಿಯ ಬಗ್ಗೆ ಗೌರವ ಮೊದಲಿನಿಂದಲೂ ಇತ್ತು. ಪ್ರೈಮರ್, ಅಂದರೆ ಕೇಸಿನ ಬುಡದಲ್ಲಿ ಕೂತು ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಬೆಂಕಿ ಹಚ್ಚುವ ಪುಟ್ಟ ಬಟ್ಟಲು, ಅದರ ಬಗ್ಗೆ ಭಯ ಕಲಿತದ್ದು ಇಲ್ಲಿ.

ಸಣ್ಣ ಪ್ರೈಮರಿನ ಅಗಲ 0.175 ಇಂಚು, ಹೆಚ್ಚುಕಡಿಮೆ ಒಂದು ಕರಿಮೆಣಸಿನ ಕಾಳು. ಒಳಗೆ ಲೆಡ್ ಸ್ಟಿಫ್ನೇಟ್ ಮಿಶ್ರಣ. ಬಯಲಲ್ಲಿ ಬೆಂಕಿ ತಗುಲಿದರೆ ತೋಟಾದ ಮದ್ದು ಭರ್ರನೆ ಉರಿಯುತ್ತದೆ, ಇದು ಸಿಡಿಯುತ್ತದೆ.

ಮೂರನೆಯ ವರ್ಷ ಸೇನೆಯವರು ಬಳಸಿದ 5.56 ಮಿ.ಮೀ. ರೈಫಲ್ ತೋಟಾದ ಖಾಲಿ ಕೇಸುಗಳನ್ನು ಕೊಂಡಿದ್ದೆ. ಅವುಗಳಲ್ಲಿ ಪ್ರೈಮರ್ ಅಲುಗದಂತೆ ಅದು ಕೂರುವ ಗುಳಿಯ ಅಂಚನ್ನು ಒಳಕ್ಕೆ ಒತ್ತಿರುತ್ತಾರೆ. ಅದನ್ನು ರೀಮರಿನಿಂದ ಕೆರೆದು ತೆಗೆದ ಮೇಲೆಯೇ ಹೊಸ ಪ್ರೈಮರ್. ಒಂದು ಕೇಸು ನನ್ನ ಕಣ್ಣು ತಪ್ಪಿಸಿತ್ತು. ಹಿಡಿ ಒತ್ತಿದೆ, ಅರ್ಧಕ್ಕೇ ನಿಂತಿತು. ಅಲ್ಲಿಗೇ ಬಿಡಬೇಕಿತ್ತು, ಜೋರು ಹಾಕಿದೆ. ಫಟ್ಟೆಂದಿತು. ಸಂಜೆಯವರೆಗೂ ಕಿವಿ ಗುಂಯ್‌ಗುಡುತ್ತಿತ್ತು. ರಕ್ಷಣಾ ಕನ್ನಡಕ ತೆಗೆದು ನೋಡಿದರೆ ಎಡಗಣ್ಣಿನ ನೇರಕ್ಕೆ ಸೂಜಿ ಚುಚ್ಚಿದಂಥ ಎರಡು ಗುಳಿ.

ಈಗ ಕೈಗೆ ಬಿಗಿ ಹತ್ತಿದ ಕೇಸು ಪಕ್ಕಕ್ಕೆ ಹೋಗುತ್ತದೆ, ವಾದವೇ ಇಲ್ಲ. ಕೂತ ಪ್ರೈಮರ್ ಕೇಸಿನ ಬುಡದ ಮಟ್ಟಕ್ಕಿಂತ 0.003ರಿಂದ 0.005 ಇಂಚು ಒಳಗಿರಬೇಕು. ಪ್ರತಿಯೊಂದರ ಮೇಲೂ ಬೆರಳಾಡಿಸುತ್ತೇನೆ. ಉಬ್ಬಿದ್ದರೆ ಕೋವಿಯ ಬೋಲ್ಟ್ ಮುಚ್ಚುವಾಗಲೇ ಗುಂಡು ಹಾರಬಹುದು.

ಮೇಜಿನ ಮೇಲೆ ಒಂದೇ ಟ್ರೇ, ಉಳಿದದ್ದೆಲ್ಲ ಕಂಪನಿಯ ಡಬ್ಬಿಯಲ್ಲೇ. ಗಾಜಿನ ಬಾಟಲಿಗೆ ಸುರಿದಿಡುವವರನ್ನು ಕಂಡರೆ ಎದೆ ಝಲ್ಲೆನ್ನುತ್ತದೆ: ಒಂದು ಸಿಡಿದರೆ ಎಲ್ಲವೂ ಒಟ್ಟಿಗೆ ಸಿಡಿಯುತ್ತವೆ, ಗಾಜು ಚೂರುಚೂರಾಗಿ ಹಾರುತ್ತದೆ. ಒಣ ಚಳಿಗಾಲದಲ್ಲಿ ಮೈಯ ಸ್ಟ್ಯಾಟಿಕ್ ಇಳಿಯಲು ಮೊದಲು ನೆಲಕ್ಕೆ ಅರ್ತಿಂಗ್ ಆಗಿರುವ ಲೋಹ ಮುಟ್ಟುತ್ತೇನೆ. ಸೀಸದ ಧೂಳಿರುವುದರಿಂದ ಅಲ್ಲಿ ಕಾಫಿಯನ್ನೂ ಕುಡಿಯುವುದಿಲ್ಲ. ಎದ್ದ ಕೂಡಲೇ ಸೋಪು ಹಚ್ಚಿ ಕೈ ತೊಳೆಯುತ್ತೇನೆ.

ಟ್ರೇಯಲ್ಲಿ 100 ಇದ್ದರೆ 100 ಕೇಸು ಆಗಬೇಕು. 99 ಆದರೆ ಟಾರ್ಚ್ ಹಿಡಿದು ಮೊಣಕಾಲೂರಿ ನೆಲ ಹುಡುಕುತ್ತೇನೆ. ಅದು ಸಿಗುವವರೆಗೆ ಆ ಗ್ಯಾರೇಜಿಗೆ ವ್ಯಾಕ್ಯೂಮ್ ಕ್ಲೀನರ್ ಬರುವಂತಿಲ್ಲ.