ತಕಿಟ, ತಕಿಟ

ಮುಂಬೈಯ ಮಾಟುಂಗಾ ರೋಡಿನಿಂದ ಸ್ಲೋ ಲೋಕಲ್ ಹಿಡಿದರೆ ಮಹಾಲಕ್ಷ್ಮಿ ನಾಲ್ಕನೇ ಸ್ಟೇಷನ್. ಅಲ್ಲಿನ ರೇಸ್‌ಕೋರ್ಸಿನಲ್ಲಿ 1942ರಿಂದ ಇರುವ ಅಮೆಚೂರ್ ರೈಡರ್ಸ್ ಕ್ಲಬ್ಬಿನ ಬೇಲಿಯಾಚೆ ನಿಂತು ಮೊದಲ ಸಲ ಜಂಪಿಂಗ್, ಅಂದರೆ ಕುದುರೆಗಳು ಕೋಲಿನ ತಡೆ ಹಾರುವುದನ್ನು ನೋಡಿದಾಗ ನನಗೆ ಹದಿನಾಲ್ಕು. ಅಪ್ಪ ಕುಂದಾಪುರ ಕಡೆಯವರು, ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೆಲಸ. ಕುದುರೆ ಸವಾರಿಯ ಫೀಸು ನಮ್ಮ ಮನೆಯ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಹಾಗಾಗಿ ಒಂದು ಖಾಸಗಿ ಲಾಯದಲ್ಲಿ ಲದ್ದಿ ಎತ್ತಿದೆ, ಮೈ ಉಜ್ಜಿದೆ. ಅದಕ್ಕೆ ಪ್ರತಿಯಾಗಿ ವಾರಕ್ಕೆ ಎರಡು ಸವಾರಿ ಸಿಗುತ್ತಿತ್ತು.

ಈಗ ನನಗೆ ಇಪ್ಪತ್ತೈದು. ಪುಣೆಯ ಹೊರವಲಯದಲ್ಲಿ ಇದೇ ನನ್ನ ಉದ್ಯೋಗ. ಬೆಳಿಗ್ಗೆ ಬೇರೆಯವರ ಐದಾರು ಕುದುರೆ ಪಳಗಿಸುತ್ತೇನೆ, ಸಂಜೆ ಮಕ್ಕಳಿಗೆ ಕಲಿಸುತ್ತೇನೆ. ಸ್ಪರ್ಧೆ ನಡುವೆ ಬರುತ್ತದೆ.

ಜಂಪಿಂಗ್ ಅಂದರೆ ಧೈರ್ಯ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮೊದಲು ಬರುವುದು ಲೆಕ್ಕ. ಸ್ಪರ್ಧೆಗೆ ಮುಂಚೆ ಕುದುರೆ ಇಲ್ಲದೆ ಕೋರ್ಸ್ ಪೂರ್ತಿ ನಡೆದು ನೋಡುತ್ತೇವೆ. ಓಡುವ ಕುದುರೆಯ ಒಂದು ಸ್ಟ್ರೈಡ್, ಅಂದರೆ ನಾಲ್ಕೂ ಕಾಲು ಸೇರಿದ ಒಂದು ಪೂರ್ತಿ ದಾಪು, ಸುಮಾರು 12 ಅಡಿ. ನನ್ನ ಹೆಜ್ಜೆ ಮೂರು ಅಡಿ ಇರಬೇಕು, ಅಂದರೆ ನಾಲ್ಕು ಹೆಜ್ಜೆಗೆ ಒಂದು ಸ್ಟ್ರೈಡ್. ಎರಡು ಜಂಪ್‌ಗಳ ನಡುವೆ 24 ಹೆಜ್ಜೆ ಬಂತು ಅಂದುಕೊಳ್ಳಿ. ನೆಲಕ್ಕಿಳಿಯಲು ಎರಡು, ಮತ್ತೆ ಹಾರಲು ಎರಡು ಕಳೆಯಿರಿ. ಉಳಿದದ್ದು 20, ಅಂದರೆ ಐದು ಸ್ಟ್ರೈಡ್. ಆ ಮೂರಡಿ ಹೆಜ್ಜೆ ಕಾಲಿಗೆ ಹತ್ತಲಿ ಅಂತ, ಹೋಟೆಲ್ ಮುಚ್ಚಿದ ಮೇಲೆ ಅಪ್ಪ ನೆಲದ ಮೇಲೆ ಚಾಕ್ ಗೆರೆ ಹಾಕಿಕೊಡುತ್ತಿದ್ದರು. ತಿಂಗಳುಗಟ್ಟಲೆ ನಡೆದೆ.

ಲೆಕ್ಕ ಬಂತು. ಆದರೂ ಕೋಲು ಬೀಳುತ್ತಿತ್ತು. ಒಂದು ಕೋಲಿಗೆ ನಾಲ್ಕು ಪೆನಾಲ್ಟಿ, ಕುದುರೆ ಒಮ್ಮೆ ನಿಂತುಬಿಟ್ಟರೂ ನಾಲ್ಕು, ಎರಡನೇ ಸಲ ನಿಂತರೆ ಅಲ್ಲಿಗೆ ಮುಗಿಯಿತು. ಬಿದ್ದರೂ ಅಷ್ಟೇ. ಇಪ್ಪತ್ತನೇ ವಯಸ್ಸಿನ ಒಂದು ಸ್ಪರ್ಧೆಯಲ್ಲಿ ಹಿಂದೆ ಕೋಲು ಬಿದ್ದ ಸದ್ದು ಕೇಳಿತು, ತಿರುಗಿ ನೋಡಿದೆ. ಮುಂದಿನ ಜಂಪ್ ಎದುರು ಕುದುರೆ ಗಕ್ಕನೆ ನಿಂತಿತು. ನಾನು ಅದರ ಕತ್ತಿನ ಮೇಲಿಂದ ಆಚೆ ಬಿದ್ದೆ. ಹೆಗಲ ಮೂಳೆ ಮುರಿಯಿತು.

ಆರು ವಾರ ಮನೆಯಲ್ಲಿ ಕೂತು ನನ್ನ ಹಳೆಯ ವಿಡಿಯೋಗಳನ್ನೇ ನೋಡಿದೆ. ಎಲ್ಲದರಲ್ಲೂ ಅದೇ ತಪ್ಪು. ಜಂಪ್‌ಗೆ ಮೂರು ಸ್ಟ್ರೈಡ್ ಇರುವಾಗ ನನ್ನ ಕೈ ಲಗಾಮು ಎಳೆಯುತ್ತಿತ್ತು, ಉಸಿರು ಕಟ್ಟುತ್ತಿತ್ತು. ಕುದುರೆಯ ಕಣ್ಣು ತಲೆಯ ಎರಡೂ ಪಕ್ಕದಲ್ಲಿದೆ. ಸುತ್ತ ಬಹುತೇಕ ಎಲ್ಲವೂ ಕಾಣುತ್ತದೆ, ಆದರೆ ಮೂಗಿನ ಮುಂದಿನದೇ ಕಾಣುವುದಿಲ್ಲ. ಹಾರುವ ಗಳಿಗೆಯಲ್ಲಿ ಕೋಲು ಅದರ ಕಣ್ಣಿಗಿಲ್ಲ. ಸ್ವಲ್ಪ ಮುಂಚೆ ನೋಡಿ ಅಳೆದದ್ದನ್ನು ನಂಬಿ ಅದು ಹಾರುತ್ತದೆ. ಅದು ಅಳೆಯುವ ಹೊತ್ತಿಗೇ ನಾನು ಅದರ ತಲೆ ಎಳೆದು ಗಲಿಬಿಲಿ ಮಾಡುತ್ತಿದ್ದೆ. ತುಂಬಾ ನೋವಾಯಿತು. ಅಷ್ಟು ದಿನ ಕುದುರೆಯನ್ನೇ ಬೈದಿದ್ದೆ, ಅಲ್ವಾ?

ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬೈಗೆ ಬರುತ್ತವೆ. ಆ ವರ್ಷ ಕೈಗೆ ಪಟ್ಟಿ ಕಟ್ಟಿಕೊಂಡೇ ಅಪ್ಪನ ಜೊತೆ ಆಟಕ್ಕೆ ಹೋದೆ. ಚೆಂಡೆಯ ಪೆಟ್ಟಿಗೆ ಅಪ್ಪ ತೊಡೆ ತಟ್ಟುತ್ತಿದ್ದರು. ಆಗ ಹೊಳೆಯಿತು, ಕ್ಯಾಂಟರ್, ಅಂದರೆ ಕುದುರೆಯ ಹದವಾದ ಓಟಕ್ಕೂ ಗೊರಸಿನ ಮೂರೇ ಪೆಟ್ಟು. ತಕಿಟ. ಮತ್ತೆ ಸವಾರಿ ಶುರು ಮಾಡಿದಾಗ ಪ್ರತಿ ಸ್ಟ್ರೈಡಿಗೂ ಬಾಯಿಬಿಟ್ಟು ಹೇಳತೊಡಗಿದೆ. ತಕಿಟ, ತಕಿಟ, ತಕಿಟ. ಮಾತಾಡುವಾಗ ಉಸಿರು ಕಟ್ಟಿ ಹಿಡಿಯಲು ಆಗುವುದಿಲ್ಲ. ಉಸಿರು ಸಡಿಲವಾದರೆ ಕೈಯೂ ಸಡಿಲ. ಕೊನೆಯ ಮೂರು ಸ್ಟ್ರೈಡ್ ಕುದುರೆಯದು, ನಾನು ಸುಮ್ನೆ ಅದರ ಜೊತೆಗಿರಬೇಕು. ಇದು ಮೈಗೆ ಹತ್ತಲು ಒಂದು ವರ್ಷ ಹಿಡಿಯಿತು. ಈಗಲೂ ಸ್ಪರ್ಧೆಯಲ್ಲಿ ಹೇಳುತ್ತೇನೆ, ಆದರೆ ಮೆಲ್ಲಗೆ.

ನಮ್ಮಲ್ಲಿ ಎತ್ತರದ ಆತುರ ಜಾಸ್ತಿ. ನಾನು ವಾರಕ್ಕೆ ಎರಡೇ ದಿನ ಹಾರಿಸುತ್ತೇನೆ. ಉಳಿದ ದಿನ ನೆಲದ ಮೇಲಿನ ಕೋಲು, ತಿರುವು, ನಡಿಗೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್ ಎಂಬ ಮೂರು ಹಂತದ ಸವಾರಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು, ಟೋಕಿಯೋ ಒಲಿಂಪಿಕ್ಸಿನಲ್ಲಿ ಕೊನೆಯ ಜಂಪಿಂಗ್ ಸುತ್ತಿನವರೆಗೂ ಹೋಗಿ 23ನೆಯವರಾದರು. ಈವೆಂಟಿಂಗ್‌ನಲ್ಲಿ ಜಂಪಿಂಗ್ ಬರುವುದು ಕಟ್ಟಕಡೆಗೆ, ಡ್ರೆಸಾಜ್ (ಸವಾರ ಹೇಳಿದ ಚಲನೆ ತೋರಿಸುವುದು) ಮತ್ತು ಕ್ರಾಸ್ ಕಂಟ್ರಿ (ಬಯಲಿನ ತಡೆ ದಾಟುವ ಓಟ) ಮುಗಿದ ಮೇಲೆ. ಅಲ್ಲಿಯವರೆಗೆ ಕುದುರೆಯ ಕಾಲು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ನಾನು ಕಲಿಸುವ ಮಕ್ಕಳಿಗೆ ಅದನ್ನೇ ತೋರಿಸುತ್ತೇನೆ.

ಈ ಕೆಲಸದಲ್ಲಿ ಕಷ್ಟದ ದಿನ ಯಾವುದು ಅಂತ ಕೇಳಿದರೆ, ಬಿದ್ದ ದಿನ ಅಲ್ಲ. ಎರಡು ವರ್ಷ ನಾನೇ ಕಲಿಸಿದ ಕುದುರೆಯನ್ನು ಹೋದ ವರ್ಷ ಮಾಲೀಕರು ಮಾರಿದರು. ಮಾರುವ ಹಕ್ಕು ಅವರದು. ಲಾರಿ ಹತ್ತಲು ಅದು ಹಿಂಜರಿಯಿತು. ನಾನು ಮುಂದೆ ನಡೆದೆ, ಹಿಂದೆಯೇ ಹತ್ತಿತು.

ಈಗ ರೇಸ್ ಬಿಟ್ಟು ಬಂದ ಆರು ವರ್ಷದ ಹೆಣ್ಣು ಕುದುರೆ ಇದೆ. ಓಡುವುದಷ್ಟೇ ಗೊತ್ತು. ನೆಲದ ಕೋಲು ಕಂಡರೂ ಗೊರಸು ಎತ್ತಿ ಗಾಬರಿಯಾಗುತ್ತಿತ್ತು. ಇವತ್ತು ಬೆಳಿಗ್ಗೆ ಸಾಲಾಗಿ ಮೂರು ಕೋಲು ದಾಟಿತು, ಕಿವಿ ಮುಂದೆ ಮಾಡಿಕೊಂಡು. ನಾಳೆ ನಾಲ್ಕನೆಯದು ಇಡುತ್ತೇನೆ.